ಗರಿಗರಿ ಈರುಳ್ಳಿ ರಿಂಗ್ಸ್: ಮನೆಯ ಬಾಣಲೆಗೊಂದು ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಕರಿದ ಈರುಳ್ಳಿ ರಿಂಗ್ಸ್ ಬಗ್ಗೆ ಸಾಮಾನ್ಯವಾಗಿ ಮೂರು ದೂರುಗಳು ಕೇಳಿಬರುತ್ತವೆ. ಬಾಣಲೆಯಿಂದ ತೆಗೆದಾಗ ಗರಿಗರಿಯಾಗಿದ್ದದ್ದು ತಟ್ಟೆಗೆ ಬಂದು ಐದು ನಿಮಿಷ ಕಳೆಯುವಷ್ಟರಲ್ಲಿ ಮೆತ್ತಗಾಗುತ್ತದೆ. ಮೊದಲ ಸಲ ಕಚ್ಚಿದೊಡನೆ ಒಳಗಿನ ಈರುಳ್ಳಿ ಇಡಿಯಾಗಿ ಹೊರಗೆ ಜಾರಿ, ಕೈಯಲ್ಲಿ ಬರೀ ಹಿಟ್ಟಿನ ಬಳೆ ಉಳಿಯುತ್ತದೆ. ಇವೆರಡೂ ಆಗದಿದ್ದರೆ ರಿಂಗ್ಸ್ ಎಣ್ಣೆ ಕುಡಿದು ಬೆರಳುಗಳೆಲ್ಲ ಜಿಡ್ಡಾಗುತ್ತವೆ. ಮೂರಕ್ಕೂ ಮೂಲ ಒಂದೇ, ಅದು ನೀರು. ಈರುಳ್ಳಿಯ ತೂಕದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ನೀರೇ ಇರುತ್ತದೆ. ಹಿಟ್ಟಿನೊಳಗೆ ಇನ್ನಷ್ಟು ನೀರು ಸೇರುತ್ತದೆ. ಕಾದ ಎಣ್ಣೆಗೆ ಬಿದ್ದ ಕ್ಷಣದಿಂದ ಈ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ಹೊರಪದರದಲ್ಲಿದ್ದ ನೀರು ಪೂರ್ತಿ ಹೋದರೆ ಅದು ಗರಿಗರಿಯಾಗುತ್ತದೆ, ಹೋಗದೆ ಉಳಿದರೆ ಅಥವಾ ಹೋದ ಆವಿ ಮತ್ತೆ ಅಲ್ಲಿಗೇ ಮರಳಿದರೆ ಮೆತ್ತಗಾಗುತ್ತದೆ. ಆದ್ದರಿಂದ ಈ ತಿಂಡಿಯ ಪ್ರತಿ ಹಂತದಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ, ಈಗ ನೀರು ಎಲ್ಲಿದೆ ಮತ್ತು ಅದು ಹೇಗೆ ಹೊರಗೆ ಹೋಗುತ್ತದೆ ಎಂಬುದು. ಮಸಾಲೆ, ಬಣ್ಣ, ಸಾಸು ಇವೆಲ್ಲ ಆಮೇಲಿನ ವಿಚಾರ.

ಇಲ್ಲಿ ಕೊಟ್ಟಿರುವ ಅಳತೆ ನಾಲ್ಕು ಜನರ ಸಂಜೆ ಕಾಫಿಗೆ ಸಾಕಾಗುತ್ತದೆ. ಮೊಟ್ಟೆ ಇದರಲ್ಲಿ ಬೇಕಿಲ್ಲ. ಪಾಶ್ಚಾತ್ಯ ಪಾಕವಿಧಾನಗಳಲ್ಲಿ ಬರುವ ಬಿಯರ್ ಬದಲಿಗೆ ನಮ್ಮ ಬೀದಿಯ ಗೋಲಿ ಸೋಡಾ ಅದೇ ಕೆಲಸವನ್ನು ಮಾಡಿಕೊಡುತ್ತದೆ.

ಈರುಳ್ಳಿಯ ಆಯ್ಕೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ, ಮಂಡ್ಯದ ಯಾವುದೇ ತರಕಾರಿ ಅಂಗಡಿಯಲ್ಲಾಗಲಿ, ಒಂದೇ ರಾಶಿಯಲ್ಲಿ ಹಲವು ಗಾತ್ರದ ಈರುಳ್ಳಿ ಬೆರೆತಿರುತ್ತದೆ. ಸಾರು, ಹುಳಿ, ಪಲ್ಯಗಳಿಗೆ ನಾವು ಮಧ್ಯಮ ಗಾತ್ರದ್ದನ್ನು ಆಯ್ದುಕೊಳ್ಳುವ ರೂಢಿಯುಳ್ಳವರು. ರಿಂಗ್ಸ್‌ಗೆ ಮಾತ್ರ ರಾಶಿಯಲ್ಲಿ ಎಲ್ಲಕ್ಕಿಂತ ದಪ್ಪಗಿರುವವೇ ಬೇಕು. ಒಂದೊಂದೂ ಸುಮಾರು 200 ಗ್ರಾಂ ತೂಗುವ, ಅಡ್ಡಳತೆ ಏಳೆಂಟು ಸೆಂಟಿಮೀಟರ್ ಇರುವ ಎರಡು ಗಡ್ಡೆ ಸಾಕು. ಗಡ್ಡೆ ದುಂಡಗಿರಬೇಕು. ಒಂದು ಮಗ್ಗುಲು ಚಪ್ಪಟೆಯಾಗಿದ್ದರೆ, ಅಥವಾ ನಡುವೆ ಸೀಳಿದಂತೆ ತಗ್ಗಿದ್ದರೆ, ಒಳಗೆ ಎರಡು ತಿರುಳುಗಳಿರುವ ಸಂಭವವೇ ಹೆಚ್ಚು, ಮತ್ತು ಅಂಥ ಜೋಡಿ ಗಡ್ಡೆಯಿಂದ ಹೊರಗಿನ ಒಂದೆರಡು ಸುತ್ತುಗಳನ್ನು ಬಿಟ್ಟರೆ ಇಡೀ ಬಳೆಗಳು ಸಿಗುವುದಿಲ್ಲ. ಕತ್ತು ಸಣ್ಣಗೆ ಒಣಗಿ ಮುಚ್ಚಿಕೊಂಡಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ಎಲ್ಲಿಯೂ ತಗ್ಗಬಾರದು, ಹಸಿರು ಮೊಳಕೆಯ ಸುಳಿವೂ ಇರಬಾರದು.

ಕಾಲವನ್ನೂ ಗಮನಿಸಬೇಕಾಗುತ್ತದೆ. ಮುಂಗಾರಿನಲ್ಲಿ ಚಿತ್ರದುರ್ಗ, ಗದಗ, ಧಾರವಾಡದ ಕಡೆ ಬೆಳೆದು ಮಳೆಗಾಲದ ಕೊನೆಯ ಹೊತ್ತಿಗೆ ಮೈಸೂರಿನ ಬಂಡಿಪಾಳ್ಯದ ಎಪಿಎಂಸಿ ಮಾರುಕಟ್ಟೆಗೆ ಬಂದಿಳಿಯುವ ಹೊಸ ಈರುಳ್ಳಿಯಲ್ಲಿ ತೇವ ಹೆಚ್ಚು. ಅದರ ಸಿಪ್ಪೆ ಇನ್ನೂ ಹಸಿಹಸಿಯಾಗಿರುತ್ತದೆ, ಬಹಳ ದಿನ ಇಟ್ಟರೆ ಕೊಳೆಯುತ್ತದೆ. ಹಿಂಗಾರಿನಲ್ಲಿ ಬೆಳೆದು ಬೇಸಿಗೆಯಲ್ಲಿ ಕಿತ್ತು ಒಣಗಿಸಿ ಶೇಖರಿಸಿದ್ದರಲ್ಲಿ ತೇವ ಕಡಿಮೆ, ಘಾಟು ಹೆಚ್ಚು. ಕರಿಯಲು ನಾನು ಎರಡನೆಯದನ್ನೇ ಮೆಚ್ಚುತ್ತೇನೆ, ಏಕೆಂದರೆ ಘಾಟು ಎಣ್ಣೆಯ ಬಿಸಿಗೆ ತಾನಾಗಿ ಇಳಿದು ಸಿಹಿಯಾಗುತ್ತದೆ, ಆದರೆ ಹೆಚ್ಚಿನ ತೇವ ತಾನಾಗಿ ಹೋಗುವುದಿಲ್ಲ. ಹೊಸ ಈರುಳ್ಳಿಯೇ ಸಿಕ್ಕಿದರೆ ಒಂದೆರಡು ದಿನ ಗಾಳಿಯಾಡುವ ಬುಟ್ಟಿಯಲ್ಲಿ ಹರಡಿಟ್ಟು ಬಳಸಬಹುದು. ಬೆಂಗಳೂರು ರೋಸ್ ಎಂಬ ಚಿಕ್ಕ ಗುಲಾಬಿ ಈರುಳ್ಳಿಯನ್ನು, ಅದು ನೋಡಲು ಎಷ್ಟೇ ಚೆಂದವಿದ್ದರೂ, ಹುಳಿಗೆ ಬಿಟ್ಟುಬಿಡುವುದು ಒಳ್ಳೆಯದು.

ಹೆಚ್ಚುವುದು, ಪೊರೆ ಬಿಡಿಸುವುದು

ತುದಿ ಮತ್ತು ಬುಡವನ್ನು ಕತ್ತರಿಸಿ, ಒಣ ಸಿಪ್ಪೆಯ ಜೊತೆಗೆ ಅದರ ಕೆಳಗಿನ ಮೊದಲ ಪದರವನ್ನೂ ತೆಗೆಯಬೇಕು. ಆ ಪದರ ಅರ್ಧ ಒಣಗಿ ತೊಗಲಿನಂತೆ ಇರುವುದರಿಂದ ಹಲ್ಲಿಗೆ ಸಿಕ್ಕಿ ಎಳೆಯುತ್ತದೆ. ಆಮೇಲೆ ಗಡ್ಡೆಯನ್ನು ಮಗ್ಗುಲಾಗಿ ಮಲಗಿಸಿ ಅಡ್ಡಲಾಗಿ ಬಿಲ್ಲೆಗಳನ್ನಾಗಿ ಹೆಚ್ಚಬೇಕು. ದಪ್ಪ ಎಷ್ಟಿರಬೇಕೆಂಬ ಬಗ್ಗೆ ಹೆಚ್ಚು ವಾದ ಬೇಕಿಲ್ಲ: 1802ರಲ್ಲಿ ಅಚ್ಚಾದ ಒಂದು ಇಂಗ್ಲಿಷ್ ಅಡುಗೆ ಪುಸ್ತಕವೇ ಈರುಳ್ಳಿಯನ್ನು ಅರ್ಧ ಅಂಗುಲ ದಪ್ಪದ ಬಿಲ್ಲೆಗಳನ್ನಾಗಿ ಹೆಚ್ಚಿ ಹಿಟ್ಟಿನಲ್ಲಿ ಅದ್ದಿ ಕರಿಯಲು ಹೇಳಿದೆ, ಮತ್ತು ಆ ಅಳತೆ ಇಂದಿಗೂ ಹೆಚ್ಚು ಬದಲಾಗಿಲ್ಲ. ನಮ್ಮ ಈರುಳ್ಳಿಯ ಘಾಟನ್ನು ಗಮನದಲ್ಲಿಟ್ಟುಕೊಂಡು ನಾನು ಒಂದು ಸೆಂಟಿಮೀಟರ್ ಸಾಕು ಎನ್ನುತ್ತೇನೆ. ಅರ್ಧ ಸೆಂಟಿಮೀಟರಿಗಿಂತ ತೆಳುವಾದರೆ ಈರುಳ್ಳಿ ಕರಗಿಹೋಗಿ ಬರೀ ಹಿಟ್ಟಿನ ರುಚಿ ಉಳಿಯುತ್ತದೆ. ಒಂದೂವರೆ ಸೆಂಟಿಮೀಟರ್ ದಾಟಿದರೆ ಹೊರಪದರ ಕಂದುವ ಹೊತ್ತಿಗೆ ಒಳಗಿನದು ಇನ್ನೂ ಹಸಿಯಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಎಲ್ಲ ಬಿಲ್ಲೆಗಳೂ ಒಂದೇ ದಪ್ಪಕ್ಕೆ ಇರುವುದು. ಕಣ್ಣೀರು ತಡೆಯಲು ಹೆಚ್ಚುವ ಮುನ್ನ ಅರ್ಧ ಗಂಟೆ ಗಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟು, ಹರಿತವಾದ ಚಾಕು ಬಳಸಿದರೆ ಸಾಕು.

ಬಿಲ್ಲೆಗಳನ್ನು ಮೆಲ್ಲನೆ ಒತ್ತಿ ಬಳೆಗಳನ್ನು ಬಿಡಿಬಿಡಿಯಾಗಿ ಮಾಡಿ. ನಡುವಿನ ಸಣ್ಣ ಸುತ್ತುಗಳನ್ನು ಮೊಸರು ಬಜ್ಜಿಗೋ ಮಾರನೆಯ ದಿನದ ಉಪ್ಪಿಟ್ಟಿಗೋ ಎತ್ತಿಡಿ.

ಇನ್ನು ಪೊರೆಯ ವಿಚಾರ. ಪ್ರತಿ ಬಳೆಯ ಒಳಮೈಗೆ ಗಾಜಿನಷ್ಟು ತಿಳಿಯಾದ ಒಂದು ತೆಳು ಪೊರೆ ಅಂಟಿಕೊಂಡಿರುತ್ತದೆ. ಬಹುತೇಕ ಪಾಕವಿಧಾನಗಳು ಇದರ ಸುದ್ದಿಯನ್ನೇ ಎತ್ತುವುದಿಲ್ಲ. ಕಚ್ಚಿದಾಗ ಈರುಳ್ಳಿ ಇಡಿಯಾಗಿ ಹೊರಬರುವುದಕ್ಕೂ, ಹಿಟ್ಟು ಒಳಮೈಯಿಂದ ಕಳಚಿಕೊಳ್ಳುವುದಕ್ಕೂ ಈ ಪೊರೆಯೇ ಹೆಚ್ಚಿನ ಮಟ್ಟಿಗೆ ಕಾರಣ. ಪೊರೆ ನುಣುಪಾಗಿರುವುದರಿಂದ ಹಿಟ್ಟು ಅದಕ್ಕೆ ಹತ್ತುವುದಿಲ್ಲ, ಜೊತೆಗೆ ಅದು ಗಟ್ಟಿಯಾದ್ದರಿಂದ ಹಲ್ಲು ಅದನ್ನು ಸುಲಭವಾಗಿ ಕತ್ತರಿಸುವುದಿಲ್ಲ. ತೆಗೆಯಲು ಎರಡು ದಾರಿಗಳಿವೆ. ಬಳೆಗಳನ್ನು ಮಂಜುಗಡ್ಡೆ ಹಾಕಿದ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಕತ್ತರಿಸಿದ ಅಂಚಿನಲ್ಲಿ ಉಗುರು ಕೊಟ್ಟು ಪೊರೆಯ ತುದಿ ಹಿಡಿದು ಸುತ್ತಲೂ ಎಳೆಯುವುದು ಮೊದಲನೆಯದು. ಇದರಿಂದ ಘಾಟೂ ಒಂದಿಷ್ಟು ತಗ್ಗುತ್ತದೆ, ಆದರೆ ಪೊರೆ ಮಧ್ಯದಲ್ಲಿ ಹರಿದು ತಾಳ್ಮೆಯನ್ನು ಪರೀಕ್ಷಿಸುವುದುಂಟು. ಎರಡನೆಯದು ನಿಧಾನವಾದರೂ ಖಚಿತವಾದದ್ದು. ಬಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಗಟ್ಟಿಯಾಗುವವರೆಗೆ, ಅಂದರೆ ಒಂದೆರಡು ಗಂಟೆ ಇಟ್ಟು, ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿದರೆ, ಪೊರೆ ತಾನೇ ಸಡಿಲಗೊಂಡು ಒಂದೇ ಎಳೆತಕ್ಕೆ ಬಂದುಬಿಡುತ್ತದೆ. ಹೆಪ್ಪುಗಟ್ಟಿದಾಗ ಈರುಳ್ಳಿಯ ಜೀವಕೋಶಗಳ ಗೋಡೆಗಳು ಒಡೆಯುವುದರಿಂದ ಬಳೆಗಳು ಜೋತುಬಿದ್ದು ಬಾಡಿದಂತೆ ಕಾಣುತ್ತವೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಈ ಮೆತುವಿನಿಂದಲೇ ಕರಿದ ಮೇಲೆ ಹಲ್ಲು ಹಿಟ್ಟನ್ನೂ ಈರುಳ್ಳಿಯನ್ನೂ ಒಟ್ಟಿಗೆ ಕತ್ತರಿಸಲು ಸಾಧ್ಯವಾಗುತ್ತದೆ.

ಯಾವ ದಾರಿ ಹಿಡಿದರೂ ಮುಂದಿನ ಕೆಲಸ ಒಂದೇ: ಒಣಗಿಸುವುದು. ಬಳೆಗಳನ್ನು ತೂತಿನ ಪಾತ್ರೆಯಲ್ಲಿ ಸೋಸಿ, ಹತ್ತಿಯ ಪಂಚೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಮೇಲಿನಿಂದ ಇನ್ನೊಂದು ಬಟ್ಟೆಯಿಂದ ಒತ್ತಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಬಿಡಬೇಕು. ಈ ಹಂತದಲ್ಲಿ ಈರುಳ್ಳಿಗೆ ಉಪ್ಪು ಹಾಕಬಾರದು. ಪಕೋಡಕ್ಕೆ ನಾವು ಹೆಚ್ಚಿದ ಈರುಳ್ಳಿಗೆ ಉಪ್ಪು ಬೆರೆಸಿ ಹಿಸುಕಿ, ಅದು ಬಿಟ್ಟ ನೀರಿನಲ್ಲೇ ಹಿಟ್ಟು ಕಲಸುವುದುಂಟು. ಅಲ್ಲಿ ಆ ನೀರು ಬೇಕಾದದ್ದು. ಇಲ್ಲಿ ಅದೇ ಉಪ್ಪು ಈರುಳ್ಳಿಯ ನೀರನ್ನು ಮೇಲ್ಮೈಗೆ ಎಳೆದು, ಹಿಟ್ಟು ಮತ್ತು ಈರುಳ್ಳಿಯ ನಡುವೆ ಒಂದು ತೇವದ ಪದರವನ್ನು ಮಾಡಿಬಿಡುತ್ತದೆ.

ಹಿಟ್ಟುಗಳ ಹೊಂದಾಣಿಕೆ

ರಿಂಗ್ಸ್ ಎಂದೊಡನೆ ಹಲವರು ಬಜ್ಜಿಯ ಅಭ್ಯಾಸದಿಂದ ಕಡ್ಲೆಹಿಟ್ಟಿನ ಡಬ್ಬಕ್ಕೆ ಕೈ ಹಾಕುತ್ತಾರೆ. ಕಡ್ಲೆಹಿಟ್ಟಿನ ರುಚಿಯ ಬಗ್ಗೆ ತಕರಾರಿಲ್ಲ, ಆದರೆ ಅದರಿಂದ ಆಗುವುದು ಈರುಳ್ಳಿ ಬಜ್ಜಿ. ಅದರಲ್ಲಿ ಪ್ರೋಟೀನು ಹೆಚ್ಚಿರುವುದರಿಂದ ಬೇಗ ಕಂದುತ್ತದೆ, ಪದರ ದಪ್ಪವಾಗಿ ಉಬ್ಬುತ್ತದೆ ಮತ್ತು ಬೇಗ ಮೆತ್ತಗಾಗುತ್ತದೆ. ಬಜ್ಜಿಯನ್ನು ಬಿಸಿಯಲ್ಲೇ ತಿಂದು ಮುಗಿಸುವ ರೂಢಿ ಬೆಳೆದದ್ದು ಸುಮ್ಮನೆ ಅಲ್ಲ.

ಗರಿಗರಿಗೆ ಬೇಕಾದ ಉತ್ತರ ನಮ್ಮ ಸೀಮೆಯಲ್ಲಿಯೇ ಇದೆ. ಮೈಸೂರು–ಬೆಂಗಳೂರು ರೈಲಿನಲ್ಲಿ ಓಡಾಡಿದ ಪ್ರತಿಯೊಬ್ಬರಿಗೂ ಪರಿಚಿತವಾದ ಮದ್ದೂರು ವಡೆಯನ್ನು ನೋಡಿ: ಅದರಲ್ಲಿರುವುದು ಅಕ್ಕಿ ಹಿಟ್ಟು, ಮೈದಾ, ಚಿರೋಟಿ ರವೆ ಮತ್ತು ಈರುಳ್ಳಿ. ಬುಟ್ಟಿಯಲ್ಲಿ ಗಂಟೆಗಟ್ಟಲೆ ಕುಳಿತರೂ ಅದು ತನ್ನ ಗಡಸನ್ನು ಬಿಟ್ಟುಕೊಡದಿರುವುದಕ್ಕೆ ಈ ಮೂರು ಹಿಟ್ಟುಗಳ ಹೊಂದಾಣಿಕೆಯ ಪಾಲು ದೊಡ್ಡದು. ಮೈದಾದಲ್ಲಿರುವ ಗ್ಲುಟೆನ್ ಅಂಟಾಗಿ ಹಿಡಿದಿಡುತ್ತದೆ. ಅಕ್ಕಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲದ ಕಾರಣ ಅದು ಜಿಗುಟಾಗದೆ ಒಣಗಿ ಗಡಸಾಗುತ್ತದೆ ಮತ್ತು ಎಣ್ಣೆಯನ್ನೂ ಕಡಿಮೆ ಹೀರುತ್ತದೆ. ರವೆಯ ಕಣಗಳು ಮೇಲ್ಮೈಯನ್ನು ಒರಟಾಗಿಸಿ ಹಲ್ಲಿಗೆ ಸದ್ದು ಕೊಡುತ್ತವೆ. ರಿಂಗ್ಸ್‌ನಲ್ಲಿಯೂ ಇದೇ ಮೂವರನ್ನು ಬಳಸೋಣ, ಆದರೆ ಬೇರೆ ಬೇರೆ ಪದರಗಳಲ್ಲಿ: ಮೈದಾ ಮತ್ತು ಅಕ್ಕಿ ಹಿಟ್ಟು ಒಳಗಿನ ತೆಳು ಹಿಟ್ಟಿನಲ್ಲಿ, ರವೆ ಹೊರಗಿನ ಲೇಪನದಲ್ಲಿ.

ಮದ್ದೂರು ವಡೆಯಿಂದ ಇಲ್ಲಿಗೆ ತರಬಾರದ ಸಂಗತಿಯೂ ಒಂದಿದೆ. ವಡೆಯ ಹಿಟ್ಟಿಗೆ ಸೌಟು ಬಿಸಿ ಎಣ್ಣೆ ಸುರಿದು ಕಲಸುವುದು ಸರಿಯಾದ ಕ್ರಮ, ಏಕೆಂದರೆ ಅಲ್ಲಿ ಹಿಟ್ಟು ಗಟ್ಟಿಯಾಗಿದ್ದು ಕೊಬ್ಬು ಅದನ್ನು ಹಗುರಗೊಳಿಸುತ್ತದೆ. ನಮಗೆ ಬೇಕಾದದ್ದು ತೆಳ್ಳಗಿನ, ತಣ್ಣಗಿನ, ಈರುಳ್ಳಿಗೆ ಅಂಟುವ ಹಿಟ್ಟು. ಬಿಸಿ ಎಣ್ಣೆ ಸುರಿದರೆ ತಂಪು ಕೆಡುತ್ತದೆ.

ಅಳತೆ ಹೀಗಿದೆ. ಹಿಟ್ಟಿಗಾಗಿ ಮೈದಾ 60 ಗ್ರಾಂ, ಅಕ್ಕಿ ಹಿಟ್ಟು 60 ಗ್ರಾಂ, ಕಾರ್ನ್‌ಫ್ಲೋರ್ 30 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಪುಡಿ ಉಪ್ಪು ಮುಕ್ಕಾಲು ಟೀ ಚಮಚ, ಬ್ಯಾಡಗಿ ಮೆಣಸಿನಕಾಯಿಯ ಅಚ್ಚಖಾರದ ಪುಡಿ ಅರ್ಧ ಟೀ ಚಮಚ, ಒಂದು ಚಿಟಿಕೆ ಇಂಗು ಮತ್ತು ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಸಾದಾ ಗೋಲಿ ಸೋಡಾ 170ರಿಂದ 190 ಮಿಲಿಲೀಟರ್. ಹಿಟ್ಟಿನಲ್ಲಿ ಅದ್ದುವ ಮುನ್ನ ಸವರಲು ಮೈದಾ ಮತ್ತು ಅಕ್ಕಿ ಹಿಟ್ಟು ಎರಡೆರಡು ದೊಡ್ಡ ಚಮಚ. ಹೊರಲೇಪನಕ್ಕೆ ಚಿರೋಟಿ ರವೆ 60 ಗ್ರಾಂ ಮತ್ತು ಒಣ ಬ್ರೆಡ್ಡಿನ ಪುಡಿ 60 ಗ್ರಾಂ. ಕರಿಯಲು ಎಣ್ಣೆ ಮುಕ್ಕಾಲು ಲೀಟರ್.

ಅಕ್ಕಿ ಹಿಟ್ಟು ನುಣ್ಣಗಿರಬೇಕು. ಗಿರಣಿಯಲ್ಲಿ ರೊಟ್ಟಿಗೆಂದು ಬೀಸಿಸಿದ್ದು ತುಸು ತರಿತರಿಯಾಗಿದ್ದರೆ ಜರಡಿ ಹಿಡಿದು ಬಳಸಿ. ಬ್ರೆಡ್ಡಿನ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ಉತ್ತಮ: ಎರಡು ದಿನ ಹಳೆಯ ಬ್ರೆಡ್ಡನ್ನು ಹರಿದು ಮಿಕ್ಸಿಯಲ್ಲಿ ತಿರುಗಿಸಿ ನಿಲ್ಲಿಸಿ ತರಿಯಾಗಿ ಪುಡಿ ಮಾಡಿ, ತವೆಯ ಮೇಲೆ ಸಣ್ಣ ಉರಿಯಲ್ಲಿ ಬಣ್ಣ ಬದಲಾಗದಂತೆ ಬೆಚ್ಚಗೆ ಮಾಡಿ ಒಣಗಿಸಬೇಕು. ನಮ್ಮ ಬೇಕರಿಗಳ ಬ್ರೆಡ್ಡಿನಲ್ಲಿ ಸಕ್ಕರೆ ಸ್ವಲ್ಪ ಹೆಚ್ಚಿಗೆ ಇರುವುದುಂಟು, ರಸ್ಕಿನಲ್ಲಂತೂ ಇನ್ನೂ ಹೆಚ್ಚು. ರಸ್ಕ್ ಪುಡಿ ಬಳಸಿದರೆ ಹೊರಗೆ ಬೇಗ ಕಪ್ಪಾಗುತ್ತದೆ, ಒಳಗೆ ಬೆಂದಿರುವುದಿಲ್ಲ. ಬ್ರೆಡ್ಡೇ ಬೇಡವೆನ್ನುವವರು ಪೂರ್ತಿ ರವೆಯನ್ನೇ ಬಳಸಬಹುದು, ಆಗ ಹೊರಪದರ ತುಸು ಗಡಸಾಗಿಯೇ ಬರುತ್ತದೆ.

ಕಲಸುವುದು ಮತ್ತು ಲೇಪಿಸುವುದು

ಹಿಟ್ಟನ್ನು ಮುಂಚೆಯೇ ಕಲಸಿಡುವ ತಪ್ಪನ್ನು ಮಾಡಬಾರದು. ಒಣ ಸಾಮಗ್ರಿಗಳನ್ನೆಲ್ಲ ಜರಡಿ ಹಿಡಿದು ಬೆರೆಸಿಟ್ಟುಕೊಳ್ಳಿ, ಎಣ್ಣೆ ಒಲೆಯ ಮೇಲೆ ಕಾಯುತ್ತಿರುವಾಗ ಮಾತ್ರ ಸೋಡಾ ಸುರಿಯಿರಿ. ಮೊದಲು 170 ಮಿಲಿಲೀಟರ್ ಹಾಕಿ ಚಮಚದಿಂದ ಹತ್ತು ಹನ್ನೆರಡು ಸುತ್ತು ತಿರುವಿದರೆ ಸಾಕು. ಸಣ್ಣಪುಟ್ಟ ಗಂಟುಗಳಿದ್ದರೆ ಇರಲಿ. ದೋಸೆ ಹಿಟ್ಟಿನಂತೆ ಕೈಯಾಡಿಸಿ ಬೀಸಿದಷ್ಟೂ ಮೈದಾದ ಗ್ಲುಟೆನ್ ಬಲಗೊಂಡು ಕರಿದ ಪದರ ರಬ್ಬರಿನಂತಾಗುತ್ತದೆ, ಜೊತೆಗೆ ಸೋಡಾದ ಗುಳ್ಳೆಗಳೂ ಹಾರಿಹೋಗುತ್ತವೆ. ಆ ಗುಳ್ಳೆಗಳೇ ಹಿಟ್ಟಿನ ಪದರದಲ್ಲಿ ಸಣ್ಣ ಸಣ್ಣ ಪೊಳ್ಳುಗಳಾಗಿ ಉಳಿದು, ಆವಿ ಹೊರಗೆ ಹೋಗಲು ದಾರಿ ಮಾಡಿಕೊಡುವುದು. ತಂಪು ಬೇಕಾದದ್ದೂ ಇದೇ ಕಾರಣಕ್ಕೆ: ತಣ್ಣನೆಯ ದ್ರವದಲ್ಲಿ ಅನಿಲ ಹೆಚ್ಚು ಹೊತ್ತು ನಿಲ್ಲುತ್ತದೆ, ಗ್ಲುಟೆನ್ ನಿಧಾನವಾಗಿ ಬೆಳೆಯುತ್ತದೆ. ಸೋಡಾ ಸಿಗದಿದ್ದರೆ ಮಂಜುಗಡ್ಡೆಯ ನೀರನ್ನು ಬಳಸಬಹುದು. ಅಡುಗೆ ಸೋಡಾವನ್ನು ಹೆಚ್ಚಿಗೆ ಹಾಕಿ ಕೊರತೆ ತುಂಬಿಸಲು ಹೋಗಬಾರದು. ಅದು ಚಿಟಿಕೆ ಮೀರಿದರೆ ಸಾಬೂನಿನ ವಾಸನೆ ಬರುತ್ತದೆ, ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ.

ಹದವನ್ನು ಹೀಗೆ ಪರೀಕ್ಷಿಸಿ: ಚಮಚವನ್ನು ಅದ್ದಿ ಎತ್ತಿದಾಗ ಅದರ ಬೆನ್ನಿಗೆ ತೆಳುವಾಗಿ ಹತ್ತಿಕೊಂಡಿರಬೇಕು, ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಬಜ್ಜಿ ಹಿಟ್ಟಿಗಿಂತ ತೆಳು, ನೀರುದೋಸೆಯ ಹಿಟ್ಟಿಗಿಂತ ಗಟ್ಟಿ. ಗಟ್ಟಿಯೆನಿಸಿದರೆ ಉಳಿದ ಸೋಡಾವನ್ನು ಚಮಚ ಚಮಚವಾಗಿ ಸೇರಿಸಿ.

ಈಗ ಒಣಗಿದ ಬಳೆಗಳನ್ನು ಸವರುವ ಒಣಹಿಟ್ಟಿನಲ್ಲಿ ಹೊರಳಿಸಿ, ಹೆಚ್ಚಿನದನ್ನು ಕೊಡವಿಹಾಕಬೇಕು. ಈ ಒಣಹಿಟ್ಟು ಈರುಳ್ಳಿಯ ಮೇಲೆ ಉಳಿದ ಕೊನೆಯ ತೇವವನ್ನು ಹೀರಿಕೊಂಡು, ಮುಂದಿನ ಹಿಟ್ಟಿಗೆ ಹಿಡಿತ ಕೊಡುತ್ತದೆ. ಇದನ್ನು ಬಿಟ್ಟರೆ ಹಿಟ್ಟು ಬಾಣಲೆಯಲ್ಲಿಯೇ ಕಳಚಿಕೊಳ್ಳುತ್ತದೆ. ಆಮೇಲೆ ಒಂದೊಂದೇ ಬಳೆಯನ್ನು ಎಡಗೈಯಿಂದ ಹಿಟ್ಟಿನಲ್ಲಿ ಅದ್ದಿ, ಮೇಲೆತ್ತಿ, ಹೆಚ್ಚಿನದು ತೊಟ್ಟಿಕ್ಕಿ ಹೋಗುವವರೆಗೆ ಹಿಡಿದು, ರವೆ ಮತ್ತು ಬ್ರೆಡ್ಡಿನ ಪುಡಿ ಬೆರೆಸಿದ ಅಗಲ ತಟ್ಟೆಗೆ ಬಿಡಬೇಕು. ಬಲಗೈಯಿಂದ ಪುಡಿಯನ್ನು ಮೇಲೆ ಸುರಿದು ಮೆಲ್ಲನೆ ಒತ್ತಬೇಕು. ಒಂದು ಕೈ ಹಸಿ, ಇನ್ನೊಂದು ಕೈ ಒಣ ಎಂಬ ಈ ನಿಯಮವನ್ನು ಪಾಲಿಸದಿದ್ದರೆ ಹತ್ತು ಬಳೆ ಆಗುವಷ್ಟರಲ್ಲಿ ಬೆರಳುಗಳೇ ವಡೆಗಳಾಗಿರುತ್ತವೆ. ಪುಡಿಯನ್ನು ಒಂದೇ ಸಲಕ್ಕೆ ತಟ್ಟೆಗೆ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಾಕಿಕೊಳ್ಳಿ, ಏಕೆಂದರೆ ಹಿಟ್ಟಿನ ಹನಿ ಬಿದ್ದು ಉಂಡೆಗಟ್ಟಿದ ಪುಡಿ ಮುಂದಿನ ಬಳೆಗೆ ಅಂಟುವುದಿಲ್ಲ. ಲೇಪಿಸಿದ ಬಳೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಲೇಪನ ಗಟ್ಟಿಯಾಗಿ ಕೂರುತ್ತದೆ.

ಕರಿಯುವುದು

ಎಣ್ಣೆಯ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ, ಎರಡೂ ಈ ಬಿಸಿಗೆ ಹೊಗೆಯಾಡದೆ ನಿಲ್ಲುತ್ತವೆ. ಗಾಣದ ಕಡಲೆಕಾಯಿ ಎಣ್ಣೆ ರುಚಿಯಲ್ಲಿ ಮುಂದೆ, ಆದರೆ ಅದು ಬೇಗ ಹೊಗೆಯಾಡುವುದರಿಂದ ಉರಿಯ ಮೇಲೆ ಹೆಚ್ಚು ಗಮನ ಬೇಕು. ಬಾಣಲೆ ದಪ್ಪ ತಳದ್ದಾಗಿರಲಿ, ಎಣ್ಣೆ ಐದು ಸೆಂಟಿಮೀಟರ್ ಆಳವಿರಲಿ, ಬಾಣಲೆಯ ಅರ್ಧಕ್ಕಿಂತ ಮೇಲೆ ಬರದಿರಲಿ.

ಬಿಸಿ 175ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಅಡುಗೆಯ ಉಷ್ಣಮಾಪಕವಿದ್ದರೆ ಊಹೆಯ ಕೆಲಸ ತಪ್ಪುತ್ತದೆ. ಇಲ್ಲದಿದ್ದರೆ ಒಂದು ಹನಿ ಹಿಟ್ಟನ್ನು ಎಣ್ಣೆಗೆ ಬಿಟ್ಟು ನೋಡಿ: ಅದು ತಳಕ್ಕೆ ಹೋಗಿ ಅಲ್ಲೇ ಕುಳಿತರೆ ಎಣ್ಣೆ ಇನ್ನೂ ಕಾದಿಲ್ಲ, ಮುಳುಗಿದೊಡನೆ ಸುತ್ತಲೂ ಗುಳ್ಳೆಯೆದ್ದು ಮೇಲೆ ಬಂದು, ಒಂದು ನಿಮಿಷದೊಳಗೆ ಹೊಂಬಣ್ಣಕ್ಕೆ ತಿರುಗಿದರೆ ಹದ ಸರಿಯಿದೆ, ಮುಳುಗದೆಯೇ ಕಂದಿಹೋದರೆ ಉರಿ ತಗ್ಗಿಸಬೇಕು. ಬಿಸಿ ಸಾಲದ ಎಣ್ಣೆಯಲ್ಲಿ ಏನಾಗುತ್ತದೆಂಬುದನ್ನು ತಿಳಿದುಕೊಂಡರೆ ಈ ಪರೀಕ್ಷೆಯನ್ನು ಯಾರೂ ಬಿಡುವುದಿಲ್ಲ. ಎಣ್ಣೆ ಚೆನ್ನಾಗಿ ಕಾದಿದ್ದಾಗ ರಿಂಗ್ಸ್‌ನೊಳಗಿಂದ ಆವಿ ರಭಸವಾಗಿ ಹೊರನುಗ್ಗುತ್ತಿದ್ದು, ಆ ಒತ್ತಡವೇ ಎಣ್ಣೆಯನ್ನು ಒಳಗೆ ಬಾರದಂತೆ ತಡೆಯುತ್ತದೆ. ಬಿಸಿ ಕಡಿಮೆಯಾದಾಗ ಹೊರಪದರ ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಎಣ್ಣೆ ಒಳಗೆ ಸೇರಿಕೊಂಡುಬಿಡುತ್ತದೆ. ಕೊಬ್ಬು ಕಡಿಮೆಯಾಗಲೆಂದು ಸಣ್ಣ ಉರಿಯಲ್ಲಿ ಕರಿಯುವವರಿದ್ದಾರೆ, ಫಲ ತದ್ವಿರುದ್ಧ. ಮದ್ದೂರು ವಡೆಯನ್ನು ಹದವಾದ ಉರಿಯಲ್ಲಿ ನಿಧಾನವಾಗಿ ಕರಿಯುವುದು ನಿಜ, ಆದರೆ ಅದು ಒಳಗೂ ಹಿಟ್ಟಿರುವ ದಪ್ಪ ತಿಂಡಿ. ಇಲ್ಲಿ ಹಿಟ್ಟು ಒಂದು ತೆಳು ಹೊದಿಕೆ ಮಾತ್ರ.

ಬಾಣಲೆಯ ಗಾತ್ರ ನೋಡಿ ಒಂದು ಸಲಕ್ಕೆ ನಾಲ್ಕೈದು ಬಳೆಗಳಿಗಿಂತ ಹೆಚ್ಚು ಹಾಕಬೇಡಿ. ತಣ್ಣನೆಯ ಬಳೆಗಳು ಬಿದ್ದೊಡನೆ ಎಣ್ಣೆಯ ಬಿಸಿ ಇಳಿಯುತ್ತದೆ. ಆದ್ದರಿಂದ ಹಾಕುವ ಕ್ಷಣದಲ್ಲಿ ಉರಿ ದೊಡ್ಡದಿರಲಿ, ಬಿಸಿ ಮರಳಿದ ಮೇಲೆ ಮಧ್ಯಮಕ್ಕೆ ತನ್ನಿ. ಬಳೆಯನ್ನು ಎತ್ತರದಿಂದ ಎಸೆಯದೆ, ಅಂಚಿನ ಬಳಿ ನಿಮ್ಮಿಂದ ದೂರಕ್ಕೆ ಜಾರಿಸಬೇಕು. ಮೊದಲ ಮುಕ್ಕಾಲು ನಿಮಿಷ ಜಾಲರಿ ಸೌಟನ್ನು ಹತ್ತಿರ ತರಬೇಡಿ, ಏಕೆಂದರೆ ಆಗಿನ್ನೂ ಲೇಪನ ಹಸಿಯಾಗಿದ್ದು ತಾಗಿದರೆ ಕಿತ್ತುಬರುತ್ತದೆ. ಆಮೇಲೆ ಒಮ್ಮೆ ಮಾತ್ರ ಮಗುಚಿ. ಒಟ್ಟು ಎರಡೂವರೆಯಿಂದ ಮೂರು ನಿಮಿಷ ಹಿಡಿಯುತ್ತದೆ. ಬಣ್ಣವನ್ನು ನೋಡಿ ನಿರ್ಧರಿಸುವುದಕ್ಕಿಂತ ಕಿವಿಯನ್ನು ನಂಬುವುದು ಲೇಸು: ಆರಂಭದಲ್ಲಿ ಜೋರಾಗಿದ್ದ ಚುರುಚುರು ಸದ್ದು ನೀರು ಕಡಿಮೆಯಾದಂತೆಲ್ಲ ತಗ್ಗುತ್ತ ಬರುತ್ತದೆ, ಗುಳ್ಳೆಗಳೂ ದೊಡ್ಡವು ಹೋಗಿ ಸಣ್ಣವಾಗುತ್ತವೆ. ಸದ್ದು ತಗ್ಗಿ ಬಣ್ಣ ಹೊಂಬಣ್ಣವಾದಾಗ ತೆಗೆಯಬೇಕು. ಹೊರಬಂದ ಮೇಲೂ ಬಣ್ಣ ಇನ್ನೊಂದಿಷ್ಟು ಏರುತ್ತದೆ. ಪ್ರತಿ ಸರದಿಯ ನಡುವೆ ಎಣ್ಣೆಯಲ್ಲಿ ಉದುರಿದ ರವೆ ಮತ್ತು ಪುಡಿಯನ್ನು ಜಾಲರಿಯಿಂದ ಎತ್ತಿಹಾಕಿ. ಬಿಟ್ಟರೆ ಅದು ಸುಟ್ಟು ಮುಂದಿನ ಬಳೆಗಳ ಮೈಗೆ ಕಪ್ಪು ಚುಕ್ಕೆಯಾಗಿ ಅಂಟುತ್ತದೆ, ಕಹಿಯೂ ಬರುತ್ತದೆ.

ಅತಿಥಿಗಳಿದ್ದು ಎಲ್ಲವನ್ನೂ ಒಟ್ಟಿಗೆ ಬಡಿಸಬೇಕಾದಾಗ ಎರಡು ಸಲ ಕರಿಯುವ ಕ್ರಮ ಅನುಕೂಲ. ಮೊದಲು 165 ಡಿಗ್ರಿಯಲ್ಲಿ ಎರಡು ನಿಮಿಷ, ಬಿಳಿಚಿಕೊಂಡೇ ಇರುವಂತೆ ಕರಿದು ತೆಗೆದಿಡಿ. ತಣಿಯುವಾಗ ಒಳಗಿನ ಈರುಳ್ಳಿಯ ತೇವ ಹೊರಪದರಕ್ಕೆ ಬಂದು ಸೇರುತ್ತದೆ. ಬಡಿಸುವ ಹೊತ್ತಿಗೆ 190 ಡಿಗ್ರಿಯಲ್ಲಿ ಮುಕ್ಕಾಲು ನಿಮಿಷ ಮತ್ತೆ ಕರಿದರೆ ಆ ತೇವವೂ ಹೋಗಿ, ಒಂದೇ ಸಲ ಕರಿದದ್ದಕ್ಕಿಂತ ಹೆಚ್ಚು ಹೊತ್ತು ಗರಿಗರಿಯಾಗಿ ನಿಲ್ಲುತ್ತದೆ.

ಎಚ್ಚರಿಕೆಯ ಮಾತು ಒಂದಿದೆ. ಎಣ್ಣೆಗೆ ಬೆಂಕಿ ತಗುಲಿದರೆ ನೀರು ಸುರಿಯಲೇಬಾರದು. ಗ್ಯಾಸ್ ಆರಿಸಿ, ಬಾಣಲೆಯ ಬಾಯಿಗೆ ಸರಿಯಾಗಿ ಕೂರುವ ಲೋಹದ ಮುಚ್ಚಳವನ್ನು ಮುಚ್ಚಿ ಹಾಗೆಯೇ ಬಿಡಬೇಕು. ಆ ಮುಚ್ಚಳ ಕರಿಯಲು ಶುರುಮಾಡುವ ಮುನ್ನವೇ ಕೈಗೆಟುಕುವಂತಿರಲಿ.

ಬಾಣಲೆಯಿಂದ ತಟ್ಟೆಗೆ

ಇಷ್ಟೆಲ್ಲ ಮಾಡಿ ಕೊನೆಗೆ ಇಲ್ಲಿ ಕೆಡಿಸಿಕೊಳ್ಳುವವರೇ ಹೆಚ್ಚು. ಬಿಸಿ ರಿಂಗ್ಸ್‌ನಿಂದ ಆವಿ ಇನ್ನೂ ಹೊರಬರುತ್ತಲೇ ಇರುತ್ತದೆ. ಕಾಗದದ ಮೇಲೆ ಚಪ್ಪಟೆಯಾಗಿ ಹರಡಿದರೆ ಕೆಳಗಿನ ಮೈಯ ಆವಿಗೆ ಹೋಗಲು ಜಾಗವಿಲ್ಲದೆ ಅಲ್ಲಿಯೇ ನೀರಾಗುತ್ತದೆ. ತಂತಿಯ ಜಾಲರಿ ತಟ್ಟೆ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಸ್ಟೀಲಿನ ಜರಡಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿ ಅದರ ಮೇಲೆ, ಒಂದಕ್ಕೊಂದು ತಾಗದಂತೆ ಹರಡಿ. ಎಣ್ಣೆ ಹೀರಲು ಕಾಗದ ಬೇಕೇ ಬೇಕೆನಿಸಿದರೆ ಅಚ್ಚಿಲ್ಲದ ಕಾಗದವನ್ನು ಜರಡಿಯ ಕೆಳಗೆ ಹಾಸಿ. ಹಳೆಯ ದಿನಪತ್ರಿಕೆ ಮಾತ್ರ ಬೇಡ. ಮುದ್ರಣದ ಶಾಯಿಯಲ್ಲಿರುವ ಹಾನಿಕರ ವಸ್ತುಗಳು ಬಿಸಿ, ಜಿಡ್ಡಿನ ತಿಂಡಿಗೆ ಸೇರುವುದರಿಂದ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲಿಯೇ ಇದರ ವಿರುದ್ಧ ಸೂಚನೆ ಹೊರಡಿಸಿದೆ.

ಬಿಸಿಯಾಗಿರಲೆಂದು ಹಾಟ್‌ಬಾಕ್ಸಿಗೆ ತುಂಬಿ ಮುಚ್ಚುವುದು ನಮ್ಮ ಮನೆಗಳ ಸಾಮಾನ್ಯ ಅಭ್ಯಾಸ. ಚಪಾತಿಗೆ ಅದು ಒಳ್ಳೆಯದು. ರಿಂಗ್ಸ್‌ಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ, ಏಕೆಂದರೆ ಆವಿಯೆಲ್ಲ ಒಳಗೇ ಸುತ್ತಿ ಹಿಟ್ಟಿನ ಮೇಲೆ ಇಳಿಯುತ್ತದೆ. ಮುಚ್ಚದೆ ಬಿಟ್ಟ ತಣ್ಣನೆಯ ರಿಂಗ್ಸ್, ಮುಚ್ಚಿಟ್ಟ ಬಿಸಿ ರಿಂಗ್ಸ್‌ಗಿಂತ ಎಷ್ಟೋ ಮೇಲು. ಜುಲೈ, ಆಗಸ್ಟಿನ ಜಡಿಮಳೆಯ ದಿನಗಳಲ್ಲಿ ಗಾಳಿಯಲ್ಲಿಯೇ ತೇವ ಹೆಚ್ಚಿರುವುದರಿಂದ ಎಷ್ಟು ಜಾಗ್ರತೆ ವಹಿಸಿದರೂ ಇಪ್ಪತ್ತು ನಿಮಿಷದಾಚೆಗೆ ಗರಿ ನಿಲ್ಲುವುದು ಕಷ್ಟ. ತಿನ್ನಲು ಹೆಚ್ಚು ಮನಸ್ಸಾಗುವುದೂ ಆಗಲೇ.

ಉಪ್ಪು ಮತ್ತು ಖಾರದ ಕೊನೆಯ ಹದವನ್ನು ಎಣ್ಣೆಯಿಂದ ತೆಗೆದ ಅರ್ಧ ನಿಮಿಷದೊಳಗೆ ಕೊಡಬೇಕು. ಮೇಲ್ಮೈಯ ಎಣ್ಣೆ ಹೀರಿಹೋದ ಮೇಲೆ ಪುಡಿ ಹತ್ತುವುದಿಲ್ಲ. ಪುಡಿ ಉಪ್ಪಿನ ಜೊತೆ ಚಿಟಿಕೆ ಅಚ್ಚಖಾರದ ಪುಡಿ ಸಾಕು, ಮನೆಯಲ್ಲಿ ಚಟ್ನಿಪುಡಿ ಇದ್ದರೆ ಅದನ್ನು ಉದುರಿಸಿದರೂ ಚೆನ್ನಾಗಿರುತ್ತದೆ. ನೆಂಚಿಕೊಳ್ಳಲು ಗಟ್ಟಿಯಾಗಿ ರುಬ್ಬಿದ ಕಾಯಿ ಚಟ್ನಿ ನನ್ನ ಆಯ್ಕೆ. ಅದನ್ನು ಬೇರೆ ಬಟ್ಟಲಿನಲ್ಲಿ ಕೊಡಬೇಕೇ ಹೊರತು ತಟ್ಟೆಯ ಪಕ್ಕಕ್ಕೆ ಸುರಿಯಬಾರದು.

ಏರ್ ಫ್ರೈಯರಿನಲ್ಲಿ ಆಗುತ್ತದೆಯೇ ಎಂದು ಕೇಳುವವರಿಗೆ: ರವೆ ಮತ್ತು ಬ್ರೆಡ್ಡಿನ ಲೇಪನವಿದ್ದರೆ, ಮೇಲೆ ಎಣ್ಣೆ ಸವರಿ 200 ಡಿಗ್ರಿಯಲ್ಲಿ ಹತ್ತರಿಂದ ಹನ್ನೆರಡು ನಿಮಿಷ, ನಡುವೆ ಒಮ್ಮೆ ಮಗುಚಿದರೆ ತಿನ್ನುವಂತಿರುತ್ತದೆ. ಲೇಪನವಿಲ್ಲದ ಹಸಿ ಹಿಟ್ಟು ಅಲ್ಲಿ ಜಾರಿ ತಳ ಸೇರುತ್ತದೆ. ಈರುಳ್ಳಿ ತಿನ್ನದ ದಿನಗಳಲ್ಲಿ ಇದೇ ಕ್ರಮದಲ್ಲಿ ದಪ್ಪ ಮೆಣಸಿನಕಾಯಿಯ ಬಳೆಗಳನ್ನು ಕರಿಯಬಹುದು. ಬೀಜ ಮತ್ತು ಒಳಗಿನ ಬಿಳಿ ತಿರುಳನ್ನು ತೆಗೆದರೆ ಸಾಕು, ಪೊರೆಯ ಗೊಡವೆ ಇಲ್ಲ.

ಮುಂಚಿತ ಸಿದ್ಧತೆ ಮತ್ತು ಉಳಿದ ಎಣ್ಣೆ

ಲೇಪಿಸಿದ ಹಸಿ ರಿಂಗ್ಸ್‌ಗಿಂತ, 165 ಡಿಗ್ರಿಯಲ್ಲಿ ಒಮ್ಮೆ ಕರಿದು ಪೂರ್ತಿ ಆರಿಸಿದ್ದನ್ನು ಫ್ರೀಜರಿನಲ್ಲಿಡುವುದು ಒಳ್ಳೆಯದು. ಮೊದಲು ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರೆ ಒಂದಕ್ಕೊಂದು ಅಂಟುವುದಿಲ್ಲ. ಬೇಕಾದಾಗ ಕರಗಿಸದೆ, ಹೆಪ್ಪುಗಟ್ಟಿದ್ದನ್ನು ನೇರವಾಗಿ 180 ಡಿಗ್ರಿಯ ಎಣ್ಣೆಗೆ ಎರಡು ಮೂರರಂತೆ ಬಿಡಬೇಕು. ಕರಗಿಸಿದರೆ ಮೇಲ್ಮೈಯಲ್ಲಿ ನೀರೊಡೆಯುತ್ತದೆ. ಮಂಜಿನ ಹರಳುಗಳು ಅಂಟಿದ್ದರೆ ಒಣಬಟ್ಟೆಯಿಂದ ಬೇಗನೆ ಒರೆಸಿಹಾಕಿ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ.

ಉಳಿದ ಎಣ್ಣೆಯನ್ನು ಪೂರ್ತಿ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಕೂತ ರವೆಯ ಗಷ್ಟನ್ನು ಎಸೆಯಬೇಕು. ಸೋಸಿದ ಎಣ್ಣೆಯನ್ನು ಮತ್ತೆ ಕರಿಯಲು ಬಳಸದೆ, ಎರಡು ದಿನದೊಳಗೆ ಒಗ್ಗರಣೆಗೂ ಪಲ್ಯಕ್ಕೂ ಮುಗಿಸುವುದು ಸೂಕ್ತ. ಅದಕ್ಕೆ ಈರುಳ್ಳಿಯ ಪರಿಮಳ ಹತ್ತಿರುವುದರಿಂದ ಪಲ್ಯಕ್ಕಂತೂ ಒಳ್ಳೆಯದೇ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಹೆಚ್ಚುತ್ತ ಹೋಗುತ್ತವೆ. ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು, ಅಂದರೆ ಎಣ್ಣೆ ಕಾದು ಕೆಡುವಾಗ ಹುಟ್ಟುವ ವಸ್ತುಗಳು, ನೂರಕ್ಕೆ 25 ಪಾಲು ದಾಟಿದರೆ ಅದನ್ನು ಆಹಾರಕ್ಕೆ ಬಳಸುವಂತಿಲ್ಲವೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಮನೆಯಲ್ಲಿ ಅದನ್ನು ಅಳೆಯಲಾಗದಿದ್ದರೂ ಲಕ್ಷಣಗಳು ಗೊತ್ತಾಗುತ್ತವೆ: ಎಣ್ಣೆ ಕಪ್ಪಾಗಿ ಮಂದವಾಗುವುದು, ಕಾಯಿಸಿದಾಗ ಬೇಗ ಹೊಗೆಯಾಡುವುದು, ನೀರಿಲ್ಲದಿದ್ದರೂ ನೊರೆ ಏಳುವುದು, ಹಳಸಿದ ಕಮಟು ವಾಸನೆ. ಇವುಗಳಲ್ಲಿ ಯಾವುದು ಕಂಡರೂ ಆ ಎಣ್ಣೆ ಅಡುಗೆಗೆ ಬೇಡ. ಅದನ್ನು ಸಿಂಕಿಗೆ ಸುರಿದರೆ ಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹಳೆಯ ಬಾಟಲಿಗೆ ತುಂಬಿ ಬಿರಡೆ ಬಿಗಿದು ಒಣಕಸದ ಜೊತೆ ಬೆರೆಸದೆ ಬೇರೆಯಾಗಿ ಕೊಡಬೇಕು.